ರಂಜಾನಿನ ಎಣಿಕೆ

ಹೇಳಿಬಿಡಲೇ? ಹೇಳಿದರೆ ನಾಲ್ಕು ಹಾಳೆ ಉಳಿಯುತ್ತವೆ. ಆದರೆ ಅಬ್ಬಾನ ಮುಖ ನೋಡುವುದು ಹೇಗೆ?

ಹರಿಹರದ ತಮ್ಮ ಬೈಂಡಿಂಗ್ ಅಂಗಡಿಯಲ್ಲಿ ಹಿದಾಯತ್ ನಿಂತಿದ್ದ. ಅವನ ಎಂ.ಫಿಲ್. ಪ್ರಬಂಧ ಹೊಲಿಯಲು ಅವನ ಅಬ್ಬಾ ಕರೀಂ ಸಾಬರು ದಾರಕ್ಕೆ ಮೇಣ ಹಚ್ಚುತ್ತಿದ್ದರು. ಸಹಿ ಹಾಕಲು ದಾವಣಗೆರೆಯಿಂದ ಬಂದಿದ್ದ ಮಾರ್ಗದರ್ಶಕ ವಾಮದೇವಪ್ಪನವರು ಸ್ಟೂಲಿನ ಮೇಲೆ ಕೂತು, ಎಣಿಕೆ ತಪ್ಪಾಗಿದೆ, ಆ ನಾಲ್ಕು ಹಾಳೆ ತೆಗೆದುಬಿಡಿ ಎಂದಿದ್ದರು.

ಎರಡು ವರ್ಷದ ದುಡಿಮೆ ಇದ್ದದ್ದೇ ಆ ಹಾಳೆಗಳಲ್ಲಿ. ಬ್ಯಾಕ್ಟೀರಿಯಾದ ಒಂದು ಜೀನನ್ನು ಸುಮ್ಮನೆ ಬಿಟ್ಟರೆ ಅದು ಬದಲಾಗುವುದು ಅಪರೂಪ. ಅದನ್ನು ಎಬ್ಬಿಸುವ ರಾಸಾಯನಿಕ ಪುಡಿ ಹಾಕಿ ಕೆಲಸಕ್ಕೆ ಹಚ್ಚಿದರೆ, ಕೋಶ ಅದರಿಂದ ಆರ್‌ಎನ್‌ಎ ನಕಲು ತೆಗೆಯತೊಡಗಿದರೆ, ಬದಲಾವಣೆ ಮೂರುಪಟ್ಟು. ನಕಲಿಗಾಗಿ ಎಳೆ ಬಿಚ್ಚಿಕೊಂಡಷ್ಟೂ ಮೂಲ ಡಿಎನ್‌ಎಗೇ ಪೆಟ್ಟು. ಬದಲಾದ ಒಂದೊಂದು ಬ್ಯಾಕ್ಟೀರಿಯಾ ತಟ್ಟೆಯ ಮೇಲೆ ಒಂದೊಂದು ಚುಕ್ಕಿಯಾಗಿ ಬೆಳೆಯುತ್ತಿತ್ತು. ಅವನ್ನು ಎಣಿಸಬೇಕಿತ್ತು, ಅಷ್ಟೇ.

ಇದು ಮೇಷ್ಟ್ರಿಗಿಂತ ಮೊದಲು ಅಬ್ಬಾನಿಗೇ ಅರ್ಥವಾಯಿತು. ರಿಪೇರಿಗೆ ಬಂದಿದ್ದ ಕುರಾನನ್ನು ಬಿಡಿಸಿ ತೋರಿಸಿದರು. "ಯಾಸೀನ್ ಅಧ್ಯಾಯ ಇರೋ ಪುಟ ನೋಡ್ರಿ ಸಾರ್. ಬಾಕಿ ಎಲ್ಲಾ ಹೊಸಾದ್ರಂಗ ಐತೆ. ದಿನಾ ಓದೋದು ಮಾತ್ರ ಹರದೈತೆ."

"ಕಾಗದಕ್ಕೆ ಕೈ ತಾಗ್ತೈತೆ ಸಾಬ್ರೆ, ಜೀನಿಗೆ ಯಾರ ಕೈ ತಾಗ್ತೈತೆ?" ಮೇಷ್ಟ್ರು ನಕ್ಕರು. ಆಮೇಲೆ ದನಿ ಮೆತ್ತಗಾಯಿತು. "ಹುಡುಗಂದು ತಪ್ಪಿಲ್ಲ ಬಿಡ್ರಿ. ಎಣಿಸಿದ್ದು ರಂಜಾನ್ ತಿಂಗಳಾಗ. ರೋಜಾ ಉಪವಾಸ ಇದ್ದು ಸಾವಿರಾರು ಚುಕ್ಕಿ ಎಣಿಸಿದ್ರೆ ಯಾರ ಕಣ್ಣಾದ್ರೂ ಮಂಜಾಗ್ತಾವೆ."

ಬೈದಿದ್ದರೆ ಜಗಳವಾಡಬಹುದಿತ್ತು. ಈ ಕರುಣೆಗೆ ಏನು ಹೇಳುವುದು?

"ಒಂದೂ ರೋಜಾ ಬಿಟ್ಟಿಲ್ಲ ಸಾರ್, ಮೂವತ್ತಕ್ಕ ಮೂವತ್ತು," ಎಂದರು ಅಬ್ಬಾ, ಹೆಮ್ಮೆಯಿಂದ.

ಎಂಬತ್ತಮೂರರ ಆ ರಂಜಾನಿನಲ್ಲಿ ಎಣಿಕೆ ನಡೆದದ್ದು ಹನ್ನೊಂದು ದಿನ. ಹಸಿವಿಗೆ ಕಣ್ಣು ತಪ್ಪೀತೆಂಬ ಭಯಕ್ಕೆ ಅವನು ದಿನಾ ಮಧ್ಯಾಹ್ನ ಲ್ಯಾಬಿನಿಂದ ಸೈಕಲ್ ತುಳಿದು, ಗುರುತಿನವರಿಲ್ಲದ ಬಾತಿ ಊರಿನ ಹೋಟೆಲಿನಲ್ಲಿ ಉಪ್ಪಿಟ್ಟು ತಿಂದು ಬರುತ್ತಿದ್ದ. ಬಂದು ಒಂದೊಂದು ತಟ್ಟೆಯನ್ನೂ ಎರಡೆರಡು ಸಲ ಎಣಿಸುತ್ತಿದ್ದ. ಸಂಜೆ ಮನೆಯಲ್ಲಿ ಎಲ್ಲರ ಜೊತೆ ಕೂತು, ರೋಜಾ ಬಿಡುವವನಂತೆ ಖರ್ಜೂರ ಬಾಯಿಗಿಡುತ್ತಿದ್ದ.

ಅಬ್ಬಾ ಈಗ ಅವನತ್ತ ತಿರುಗಿದರು. "ಹೌದೇನು ಬೇಟಾ? ಕಣ್ಣು ಮಂಜಾಗಿದ್ವಾ?"

"ಆಗಿರಬೋದು," ಎಂದ.

ಅಬ್ಬಾ ನಾಲ್ಕು ಹಾಳೆ ಎಳೆದು ರದ್ದಿಗೆ ಹಾಕಿ ಸೂಜಿ ಎತ್ತಿಕೊಂಡರು. ಮೇಷ್ಟ್ರು ಸಹಿ ಹಾಕಿದರು. ಪದವಿಯೂ ಬಂತು.

ಆ ಹನ್ನೊಂದು ದಿನ ತಾನು ಹೊಟ್ಟೆ ತುಂಬ ತಿಂದೇ ಎಣಿಸಿದ್ದೆ ಎಂಬುದನ್ನು ಹಿದಾಯತ್ ಅವರಿಬ್ಬರಿಗೂ ಎಂದೂ ಹೇಳಲಿಲ್ಲ.