ಅಮ್ಮನ ಅಂದಾಜು

"ಮೂರನೇ ಅಧ್ಯಾಯ ನೀನೇ ಬರೆದದ್ದಾ?" ಎಂದು ಮೇಡಂ ಹುಡುಗಿಯನ್ನು ಕೇಳಿದರು.

"ಹೌದು ಮೇಡಂ."

"ಚೆನ್ನಾಗಿದೆ."

ಸಂಖ್ಯಾಶಾಸ್ತ್ರದ ಮೇಡಂ ಬಾಯಿಂದ ಈ ಮಾತು ಕೇಳಿದವರು ಆ ವಿಭಾಗದಲ್ಲೇ ಕಡಿಮೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ ಹಾಳೆಗಳನ್ನು ಅವಳತ್ತ ತಳ್ಳಿದರು. "ನಿನ್ನ ವರದಿಯ ಜೀವ ಇರೋದೇ ಇಲ್ಲಿ. ಇದನ್ನ ಮುಟ್ಬೇಡ, ಉಳಿದದ್ದನ್ನ ತಿದ್ದು. ಸೋಮವಾರ ಹತ್ತು ಗಂಟೆಗೆ ನನ್ನ ಮೇಜಿನ ಮೇಲೆ ಇರ್ಬೇಕು. ಹತ್ತೂ ಐದಕ್ಕೆ ಬಂದ್ರೆ ವಾಪಸ್ ತಗೊಂಡು ಹೋಗು."

ಹೊರಗೆ ಬಂದು ಅವಳು ಮೆಟ್ಟಿಲ ಮೇಲೆ ಕುಳಿತಳು. ಕಳೆದ ಪರೀಕ್ಷೆಯಲ್ಲಿ ಈ ಒಂದೇ ವಿಷಯದಲ್ಲಿ ಡುಮ್ಕಿ ಹೊಡೆದಿದ್ದಳು. ಬೇಸಿಗೆಯ ಆರು ವಾರದ ಈ ಕೋರ್ಸು ಕೊನೆಯ ಅವಕಾಶ. ಅರ್ಧ ಅಂಕ ಪರೀಕ್ಷೆಗೆ, ಅರ್ಧ ವರದಿಗೆ. ಎರಡೂ ಸೇರಿ ನೂರಕ್ಕೆ ಐವತ್ತು ಬರದಿದ್ದರೆ ವಿಭಾಗದಿಂದ ಹೆಸರು ತೆಗೆಯುತ್ತಾರೆ, ಮತ್ತೆ ಸೇರಿಸಿಕೊಳ್ಳುವ ಮಾತಿಲ್ಲ. ಪರೀಕ್ಷೆ ಹೋದ ವಾರ ಮುಗಿದಿತ್ತು. ಅದನ್ನು ಚೆನ್ನಾಗಿ ಬರೆದೆ ಎಂದು ಅವಳು ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಗೆಳತಿಯರೆಲ್ಲ ರಜೆಗೆ ಹೋಗಿ ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ಅವಳೂ ಗಡಗಡ ಸದ್ದು ಮಾಡುವ ಫ್ಯಾನೂ ಇಬ್ಬರೇ ಉಳಿದಿದ್ದರು. ಹೇಗಾದರೂ ಸರಿ, ಈ ಕೋರ್ಸನ್ನು ದಾಟಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದಳು.

ವರದಿಗೆ ಅವಳು ಆರಿಸಿಕೊಂಡದ್ದು ಒಂದು ಆಟವನ್ನು. ನಿಜ ಹೇಳಬೇಕೆಂದರೆ ಅವಳು ಫೇಲಾಗಲು ಅರ್ಧ ಕಾರಣವೇ ಆ ಆಟ. ಫೋನಿನಲ್ಲಿ ಆಡುವ ಸಿನಿಮಾಪೇಟೆ ಅದು. ಬಿಡುಗಡೆಯಾಗಲಿರುವ ಪ್ರತಿ ಸಿನಿಮಾಕ್ಕೂ ಒಂದು ಷೇರು ಇರುತ್ತದೆ. ಓಡುತ್ತದೆ ಎನ್ನುವವರು ಕೊಳ್ಳಬೇಕು, ಓಡುವುದಿಲ್ಲ ಎನ್ನುವವರು ಮಾರಬೇಕು. ಕೈಯಲ್ಲಿ ಷೇರು ಇಲ್ಲದಿದ್ದರೂ ಮಾರಬಹುದು, ಯಾಕೆಂದರೆ ಎಲ್ಲವೂ ಬರೀ ಅಂಕಗಳು, ಒಂದು ಬಿಡಿಗಾಸೂ ಕೈ ಬದಲಾಯಿಸುವುದಿಲ್ಲ. ಬೆಲೆ ನಲವತ್ತು ಇದ್ದರೆ, ಮೊದಲ ಮೂರು ದಿನದಲ್ಲಿ ನಲವತ್ತು ಸಾವಿರ ಟಿಕೆಟ್ ಹೋಗುತ್ತವೆ ಎಂದು ಆಟಗಾರರೆಲ್ಲ ಸೇರಿ ಹೇಳಿದ ಹಾಗೆ. ಜನರ ಈ ಅಂದಾಜು ಎಷ್ಟು ನಿಜವಾಗುತ್ತದೆ? ಇದೇ ಅವಳ ಪ್ರಶ್ನೆ. ಕೆಡಿಸಿದ ಆಟದ ಕೈಯಿಂದಲೇ ಕೆಟ್ಟದ್ದನ್ನು ರಿಪೇರಿ ಮಾಡಿಸಬೇಕೆಂದು ಅವಳ ಲೆಕ್ಕ.

ಕೋರ್ಸು ಶುರುವಾದ ಮೇಲೆ ಬಿಡುಗಡೆಯಾದ ಇಪ್ಪತ್ತನಾಲ್ಕು ಸಿನಿಮಾಗಳ ಅಂಕಿ ಅಂಶ ಸೇರಿಸಿದ್ದಳು. ಹದಿನಾರು ದೊಡ್ಡ ಸಿನಿಮಾಗಳಲ್ಲಿ ಪೇಟೆಯ ಅಂದಾಜು ಹೆಚ್ಚು ಕಡಿಮೆ ಸರಿಯಾಗಿತ್ತು. ಆದರೆ ಎಂಟು ಸಣ್ಣ ಸಿನಿಮಾಗಳಲ್ಲಿ ಪೇಟೆ ಪ್ರತಿ ಸಲವೂ ಅತಿಯಾಗಿ ಆಸೆಪಟ್ಟಿತ್ತು. ಬಡಪಾಯಿ ಸಿನಿಮಾ ಗೆಲ್ಲಲಿ ಎಂಬ ಮಮತೆ ಜನರ ಅಂದಾಜನ್ನೇ ಎತ್ತುತ್ತದೆ ಎಂದು ಅವಳು ಮೂರನೇ ಅಧ್ಯಾಯದಲ್ಲಿ ಹನ್ನೊಂದು ಪುಟ ಬರೆದಿದ್ದಳು. ತಾನೂ ಆಡುವವಳು, ಆ ಎಂಟನ್ನೂ ಕೊಂಡವಳಾದ್ದರಿಂದ ತನ್ನ ಖರೀದಿಗಳನ್ನೆಲ್ಲ ಹೆಕ್ಕಿ ತೆಗೆದು ಬೆಲೆಯನ್ನು ಮತ್ತೆ ಲೆಕ್ಕ ಹಾಕಿದ್ದಳು. ಆ ಜಾಗ್ರತೆಯ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು.

ಶುಕ್ರವಾರ ಮಧ್ಯಾಹ್ನದ ಬಸ್ಸು ಹತ್ತಿ ಊರಿಗೆ ಬಂದಳು. ತಿದ್ದುವ ಕೆಲಸವನ್ನು ಎಲ್ಲಿ ಕೂತಾದರೂ ಮಾಡಬಹುದು, ಅಮ್ಮನ ಮುಖ ನೋಡಿ ಎರಡು ತಿಂಗಳಾಗಿತ್ತು. ಮನೆಗೆ ಹೋಗದೆ ಸೀದಾ ಥಿಯೇಟರಿಗೆ ನಡೆದಳು. ಅಮ್ಮ ಅಲ್ಲಿ ಟಿಕೆಟ್ ಕೊಡಲು ಕುಳಿತು ಇಪ್ಪತ್ತೆರಡು ವರ್ಷ. ಮಗಳು ಕೂಸಾಗಿದ್ದಾಗ ಖಾಲಿ ಆಟಗಳಲ್ಲಿ ಅವಳನ್ನು ಮೇಲಿನ ಸೀಟಿನಲ್ಲಿ ಮಲಗಿಸುತ್ತಿದ್ದರಿಂದ ಅಲ್ಲಿಯವರಿಗೆಲ್ಲ ಅವಳು ಇವತ್ತಿಗೂ 'ಬಾಲ್ಕನಿ'.

"ಬಂದ್ಯಾ ಬಾಲ್ಕನಿ?" ಕ್ಯಾಂಟೀನಿನ ಅಣ್ಣ ಜೋಳ ಹುರಿಯುವ ಪೆಟ್ಟಿಗೆಯ ಗಾಜು ಒರೆಸುವುದನ್ನು ಬಿಟ್ಟು ಜೇಬಿನಿಂದ ಫೋನು ತೆಗೆದ. "ನೋಡು, ನಾನೂ ತಗೊಂಡಿದ್ದೀನಿ. ನೀನು ಹೋದ ತಿಂಗಳು ತಗೊಂಡ್ಯಲ್ಲ, ಆ ಲೈಟ್‌ಹೌಸ್ ಸಿನಿಮಾ. ಅರವತ್ತು ಷೇರು. ಅದು ಮಕಾಡೆ ಮಲಗ್ತು, ಆ ಮಾತು ಬೇರೆ."

ಅವಳು ನಕ್ಕಳು. ಆಮೇಲೆ ನಗು ಮುಖದ ಮೇಲೇ ನಿಂತುಹೋಯಿತು. "ಅಣ್ಣ, ನೀನು ಯಾವಾಗಿಂದ ಆಡ್ತಿದ್ದೀಯಾ?"

"ನಾನೊಬ್ನೇನಾ? ಇಡೀ ಥಿಯೇಟರೇ ಆಡ್ತಿದೆ. ನಿಮ್ಮಮ್ಮ ಬಿಡ್ಬೇಕಲ್ಲ. ನೀನು ಏನು ತಗೊಂಡ್ರೂ ಐದು ನಿಮಿಷದಲ್ಲಿ ಬಂದು, 'ಮಗು ತಗೊಂಡಿದೆ, ನೀವೂ ತಗೊಳ್ರೋ' ಅಂತ ನಮ್ಮ ತಲೆ ಮೇಲೆ ಕೂರ್ತಾಳೆ."

ಅವಳು ಓಡಿದಂತೆ ನಡೆದು ಟಿಕೆಟ್ ಕೋಣೆಯ ಹಿಂಬಾಗಿಲು ತಳ್ಳಿದಳು. ಅಮ್ಮ ಆರೂವರೆ ಆಟದ ಟಿಕೆಟ್ ಪುಸ್ತಕಗಳನ್ನು ಜೋಡಿಸುತ್ತಿದ್ದಳು. ಮಗಳನ್ನು ಕಂಡು ಮುಖ ಅರಳಿತು.

"ಅಮ್ಮ, ಆಟದಲ್ಲಿ ನಿನ್ನ ಹೆಸರೇನು?"

"ಗೊತ್ತಾಯ್ತಾ? ರಿಸಲ್ಟ್ ಬಂದ್ಮೇಲೆ ಹೇಳೋಣ ಅಂತಿದ್ದೆ ಕಣೇ." ಅಮ್ಮ ಸ್ವಲ್ಪ ನಾಚಿದಳು. "ಟಿಕೆಟ್ ಕಿಟಕಿ ಅಂತ."

ಹುಡುಗಿ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದಳು. 'ಟಿಕೆಟ್ ಕಿಟಕಿ' ಎಂಬ ಆಟಗಾರನನ್ನು ಅವಳು ಬಲ್ಲಳು. ಮೂರನೇ ಅಧ್ಯಾಯದಲ್ಲಿ ಅವನ ಬಗ್ಗೆ ಒಂದು ಅಡಿಟಿಪ್ಪಣಿಯನ್ನೇ ಬರೆದಿದ್ದಳು: ಅನುಭವಿಯಂತೆ ತೋರುವ ಈ ಆಟಗಾರನೂ ಸಣ್ಣ ಸಿನಿಮಾಗಳ ಮೋಹಕ್ಕೆ ಬಿದ್ದಿರುವುದು ಗಮನಾರ್ಹ.

ಆದದ್ದು ಇಷ್ಟು. ಕೋರ್ಸಿನ ಮೊದಲ ವಾರ ಅವಳು ಫೋನಿನಲ್ಲಿ, "ಆ ಆಟನೇ ನನ್ನ ಪ್ರಾಜೆಕ್ಟ್ ಅಮ್ಮ, ಅದು ಸರಿಹೋದ್ರೆ ಪಾಸು" ಎಂದಿದ್ದಳು. ಮಗಳು ಕೊಂಡ ಷೇರು ಏರಿದರೆ ಮಗಳು ಪಾಸು, ಇಳಿದರೆ ಫೇಲು ಎಂದು ಅಮ್ಮ ತಿಳಿದಳು. ತಿಳಿದ ಮೇಲೆ ಸುಮ್ಮನೆ ಕೂರುವ ಜೀವವಲ್ಲ ಅದು. ಕ್ಯಾಂಟೀನಿನ ಅಣ್ಣ, ಸಿನಿಮಾ ಓಡಿಸುವ ಆಪರೇಟರ್ ಮಾಮ, ಗೇಟಿನ ತಾತ, ಎದುರಿನ ದರ್ಜಿ, ಒಬ್ಬರನ್ನೂ ಬಿಡದೆ ಆಟಕ್ಕೆ ಇಳಿಸಿದ್ದಳು. ದೊಡ್ಡ ಸಿನಿಮಾಗಳಿಗೆ ಸಾವಿರಾರು ಜನ ಆಡುತ್ತಾರೆ, ಅಲ್ಲಿ ಇವರದ್ದು ಲೆಕ್ಕಕ್ಕೇ ಇಲ್ಲ. ಸಣ್ಣ ಸಿನಿಮಾಗಳಿಗೆ ಆಡುವವರು ಮೂವತ್ತು ನಲವತ್ತು ಜನ. ಅದರಲ್ಲಿ ಅರ್ಧದಷ್ಟು ಅಮ್ಮನ ಸೈನ್ಯ. ಜನರ ಮಮತೆ ಎಂದು ಅವಳು ಹನ್ನೊಂದು ಪುಟ ಬರೆದದ್ದು ಒಬ್ಬಳೇ ಒಬ್ಬಳ ಮಮತೆಯನ್ನು.

ಅವಳು ಬಿಡಿಸಿ ಹೇಳಿದಳು. ಹೇಳುತ್ತಾ ಹೋದಂತೆ ಅಮ್ಮನ ಮುಖ ಸಪ್ಪಗಾಯಿತು. ಕಿಟಕಿಯಲ್ಲಿ ಯಾರೋ ಮೂರು ಟಿಕೆಟ್ ಕೇಳಿದರು. ಅಮ್ಮ ಹರಿದು ಕೊಟ್ಟು ತಿರುಗಿದಳು.

"ಹಾಳು ಮಾಡಿಬಿಟ್ನಾ?"

"ನಿನಗೆ ಹೇಗೆ ಗೊತ್ತಾಗ್ಬೇಕು, ಬಿಡು."

"ನಿಮ್ಮ ಮೇಡಂಗೆ ಹೇಳ್ಲೇಬೇಕಾ?" ಅಮ್ಮ ದನಿ ತಗ್ಗಿಸಿದಳು. "ಇಲ್ಲಿಯವರು ಯಾರೂ ಬಾಯಿ ಬಿಡಲ್ಲ. ನಾನು ನೋಡ್ಕೋತೀನಿ."

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹುಡುಗಿಗೂ ಗೊತ್ತಿತ್ತು. ವರದಿಯ ಜೀವ ಅದು, ಮುಟ್ಟಬೇಡ ಎಂದು ಮೇಡಂ ಬಾಯಿಬಿಟ್ಟು ಹೇಳಿದ್ದಾರೆ. ಅದನ್ನು ಕಿತ್ತರೆ ಉಳಿಯುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದಕ್ಕೆ ಎಷ್ಟು ಅಂಕ ಬಂದೀತು? ಫೇಲಾದರೆ ಮುಂದೇನು? ಆರೂವರೆ ಆಟ ಶುರುವಾಗಿ ಹೊರಗೆ ಸದ್ದಡಗುವವರೆಗೂ ಅವಳು ಅದೇ ಸ್ಟೂಲಿನ ಮೇಲೆ ಕುಳಿತು ಹೆಬ್ಬೆರಳಿನ ಉಗುರು ಕಚ್ಚಿದಳು. ಆಮೇಲೆ ಸುಮ್ಮನೆ ಕೇಳಬೇಕೆನ್ನಿಸಿ ಕೇಳಿದಳು.

"ಅಮ್ಮ, ಆ ಲೈಟ್‌ಹೌಸ್ ಸಿನಿಮಾ. ನಾನು ತಗೊಂಡಿದ್ದನ್ನ ನೋಡ್ದೇ ಇದ್ದಿದ್ರೆ ನೀನು ಎಷ್ಟು ತಗೋತಿದ್ದೆ?"

"ಒಂದೂ ಇಲ್ಲ." ಅಮ್ಮ ಯೋಚಿಸಲೂ ಇಲ್ಲ. "ಅದು ಓಡಲ್ಲ ಅಂತ ನನಗೆ ಮುಂಚೇನೇ ಗೊತ್ತಿತ್ತು."

"ಹೇಗೆ?"

"ಕಿಟಕಿ ಹತ್ರ ಬಂದು, ಎಷ್ಟೊತ್ತಿಗೆ ಶುರು ಅಂತ ಕೇಳಿದವರು ಬರ್ತಾರೆ. ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಕೇಳಿದವರು ಬರಲ್ಲ. ಆ ಸಿನಿಮಾಗೆ ವಾರಪೂರ್ತಿ ಎಲ್ಲರೂ ಮುಗಿಯೋದನ್ನೇ ಕೇಳಿದ್ರು."

"ಎಂಟರಲ್ಲಿ ಎಷ್ಟು ನಿನಗೆ ಹೀಗೆ ಮೊದಲೇ ಗೊತ್ತಿತ್ತು?"

ಅಮ್ಮ ಬೆರಳು ಮಡಚಿ ಎಣಿಸಿದಳು. "ಏಳು."

"ಗೊತ್ತಿದ್ದೂ ತಗೊಂಡ್ಯಾ?"

"ನೀನು ಓಡುತ್ತೆ ಅಂತಿದ್ದೀಯ. ನಿನ್ನ ಎದುರಿಗೆ ನಾನು ಓಡಲ್ಲ ಅನ್ಲಾ?"

ಇಪ್ಪತ್ತೆರಡು ವರ್ಷ ಕಿಟಕಿಯ ಹಿಂದೆ ಕುಳಿತು ಸಂಪಾದಿಸಿದ್ದನ್ನು ಅಮ್ಮ ಏಳು ಸಲ ತನಗಾಗಿ ಬದಿಗಿಟ್ಟಿದ್ದಳು. ಅದನ್ನೇ ತಾನು ಮೋಹ ಎಂದು ಅಡಿಟಿಪ್ಪಣಿಯಲ್ಲಿ ಬರೆದಿದ್ದೆ ಎಂದು ನೆನೆದು ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಅವಳು ಎದ್ದು ನಿಂತಳು. "ನಾಳೆ ನನಗೆ ಎಲ್ಲರ ಖಾತೆ ಹೆಸರೂ ಬೇಕು. ಒಂದೂ ಬಿಟ್ಟುಹೋಗಬಾರದು."

ಆಟದವರು ಪ್ರತಿ ಖರೀದಿಯ ಪಟ್ಟಿಯನ್ನೂ ಬಹಿರಂಗವಾಗಿ ಇಡುತ್ತಿದ್ದರು. ಹೆಸರು ಸಿಕ್ಕರೆ ಇವರ ಖರೀದಿಗಳನ್ನು ತೆಗೆದು ಬೆಲೆಯನ್ನು ಮತ್ತೆ ಕಟ್ಟಬಹುದು. ಹೆಸರು ಸಿಗುವುದೇ ಕಷ್ಟವಾಯಿತು. ಅಮ್ಮ ತನ್ನನ್ನೂ ಸೇರಿಸಿ ಹದಿಮೂರು ಜನ ಎಂದಳು. ಗೇಟಿನ ತಾತ ಪ್ರತಿ ಸಲವೂ ಪಾಸ್‌ವರ್ಡ್ ಮರೆತು ಹೊಸ ಖಾತೆ ತೆರೆದು ಒಬ್ಬನೇ ನಾಲ್ಕು ಜನವಾಗಿದ್ದ. ಆಪರೇಟರ್ ಮಾಮ ಮೊದಲು ಏನೂ ಒಪ್ಪಲಿಲ್ಲ. ಅವಳು ಪ್ರೊಜೆಕ್ಟರ್ ಕೋಣೆಯ ಸೆಕೆಯಲ್ಲಿ ಒಂದು ಇಡೀ ಆಟ ಅವನ ಪಕ್ಕದಲ್ಲಿ ಬೇರುಬಿಟ್ಟು ಕುಳಿತ ಮೇಲೆ, ಭಾವಮೈದುನನಿಗೂ ಅವನ ಹೆಂಡತಿಗೂ ಹೇಳಿದ್ದೆ ಎಂದು ಬಾಯಿಬಿಟ್ಟ. ದರ್ಜಿ, "ನಾನು ತಗೊಂಡೆ ಅಂತ ನಿಮ್ಮಮ್ಮಂಗೆ ಸುಳ್ಳು ಹೇಳಿದ್ದೆ, ಅವಳಿಗೆ ಹೇಳ್ಬೇಡ" ಎಂದು ಬಟ್ಟೆಯ ಮೇಲೆ ಇನ್ನಷ್ಟು ಬಗ್ಗಿದ. ಅವನೊಬ್ಬನಿಗೆ ಅವಳು ಮನಸಾರೆ ಕೃತಜ್ಞಳಾಗಿದ್ದಳು. ಶನಿವಾರ ಸಂಜೆಗೆ ಪಟ್ಟಿಯಲ್ಲಿ ಹದಿನೇಳು ಖಾತೆಗಳಿದ್ದವು.

ಭಾನುವಾರ ಬೆಳಿಗ್ಗೆಯಿಂದ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಎಂಟು ಸಿನಿಮಾಗಳನ್ನೂ ಹೊಸದಾಗಿ ಕಟ್ಟಿದಳು. ಮಧ್ಯಾಹ್ನ ಮೂರರ ಹೊತ್ತಿಗೆ ನಕ್ಷೆ ಬಂತು. ಹದಿನೇಳು ಖಾತೆ ತೆಗೆದರೆ ಸಣ್ಣ ಸಿನಿಮಾಗಳೂ ದೊಡ್ಡವುಗಳ ಹಾಗೇ ಇದ್ದವು. ಮಮತೆ ಎಳ್ಳಷ್ಟೂ ಉಳಿದಿರಲಿಲ್ಲ. ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ. ಅವಳು ಹನ್ನೊಂದು ಪುಟ ಅಳಿಸಿದಳು. ಆ ಜಾಗದಲ್ಲಿ ಎರಡು ಪುಟ ಬರೆದಳು: ಯಾರು ಯಾಕೆ ಕೊಂಡರು, ತಪ್ಪು ಎಲ್ಲಿ ಆಯಿತು, ಅದನ್ನು ಹೇಗೆ ತೆಗೆಯಲಾಯಿತು.

ಅಮ್ಮ ಹಿಂದೆ ನಿಂತು ನೋಡುತ್ತಿದ್ದಳು. "ಇಷ್ಟೇನಾ?"

"ಇಷ್ಟೇ."

"ಇದಕ್ಕೆ ಪಾಸ್ ಮಾಡ್ತಾರಾ?"

"ಗೊತ್ತಿಲ್ಲಮ್ಮ." ಹೇಳುವಾಗ ಅವಳಿಗೆ ಹೆದರಿಕೆಯಾಗಿತ್ತು, ಆದರೆ ಕೈ ನಿಲ್ಲಿಸಲಿಲ್ಲ.

ಸೋಮವಾರ ಹತ್ತಕ್ಕೆ ಇಪ್ಪತ್ತು ನಿಮಿಷವಿರುವಾಗಲೇ ಅವಳು ಮೇಡಂ ಬಾಗಿಲ ಬಳಿ ಇದ್ದಳು. ಮೇಡಂ ನಿಂತುಕೊಂಡೇ ಮೂರನೇ ಅಧ್ಯಾಯ ತೆಗೆದರು. ಎರಡು ಪುಟ ಮುಗಿಯುವುದರೊಳಗೆ ಕುಳಿತರು.

"ನೀನು ಹೇಳ್ದೇ ಇದ್ದಿದ್ರೆ ಇದು ನನಗೆ ಗೊತ್ತಾಗ್ತಿರ್ಲಿಲ್ಲ."

"ಗೊತ್ತು ಮೇಡಂ."

"ಮೊದಲಿನದಕ್ಕೆ ಐವತ್ತರಲ್ಲಿ ನಲವತ್ತೆರಡು ಹಾಕೋಣ ಅಂತಿದ್ದೆ. ಏನೂ ಸಿಗ್ಲಿಲ್ಲ ಅಂತ ಬರೆದಿರೋ ವರದಿಗೆ ಅಷ್ಟು ಹಾಕೋಕಾಗಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಏಳು ಸಲ ಓಡಲ್ಲ ಅಂತ ಗೊತ್ತಿದ್ದೂ ನಿಮ್ಮಮ್ಮ ಕೊಂಡ್ರು ಅಂತಿದೆ ಇಲ್ಲಿ. ಅವರ ಅಂದಾಜು ಪೇಟೆಗಿಂತ ಸರಿ ಅನ್ನೋದನ್ನೇ ಫಲಿತಾಂಶ ಅಂತ ಯಾಕೆ ಬರೀಲಿಲ್ಲ?"

"ಸಿನಿಮಾ ಬಿಡುಗಡೆ ಆದ್ಮೇಲೆ ಹೇಳಿದ್ದು ಮೇಡಂ. ಮುಂಚೆ ಹೇಳಿದ್ರೆ ತಾನೇ ಲೆಕ್ಕಕ್ಕೆ ಬರೋದು."

ಮೇಡಂ ವರದಿಯನ್ನು ಮುಚ್ಚಿ ಪಕ್ಕಕ್ಕಿಟ್ಟರು. ಹೋಗಬಹುದು ಎಂದು ತಲೆ ಆಡಿಸಿದರು.

ಗುರುವಾರ ಸೂಚನಾ ಫಲಕದಲ್ಲಿ ಅವಳ ಹೆಸರಿನ ಮುಂದೆ ಐವತ್ತೆರಡು ಎಂದಿತ್ತು. ಸಾಲು ತಪ್ಪಿತೇ ಎಂದು ಬೆರಳಿಟ್ಟು ಮೂರು ಸಲ ನೋಡಿ ಅಮ್ಮನಿಗೆ ಫೋನು ಮಾಡಿದಳು. ಅಮ್ಮ, "ಎರಡು ಜಾಸ್ತೀನೇ ಬಂತಲ್ಲ" ಎಂದು ಮೂಗೆಳೆದುಕೊಂಡಳು.

"ಅಮ್ಮ, ಇನ್ನು ಮೇಲೆ ನಾನು ಏನು ತಗೊಂಡೆ ಅಂತ ನೋಡ್ಬೇಡ. ನಿನಗೆ ಅನ್ನಿಸಿದ್ದನ್ನ ಹಾಕು."

"ಪಾಸಾದ್ಯಲ್ಲ, ಇನ್ನು ನನಗ್ಯಾಕೆ ಆಟ?"

"ಹಾಕಮ್ಮ. ನನಗೆ ನೋಡ್ಬೇಕು."

ಮರುದಿನ ಮಧ್ಯಾಹ್ನ ಹಾಸ್ಟೆಲಿನ ಮೆಟ್ಟಿಲ ಮೇಲೆ ಒಗೆದ ಬಟ್ಟೆಯ ಬಕೆಟ್ ಪಕ್ಕಕ್ಕಿಟ್ಟುಕೊಂಡು ಅವಳು ಫೋನು ತೆರೆದಳು. ಮುಂದಿನ ವಾರ ಒಂದು ಸಣ್ಣ ಸಿನಿಮಾ ಬರುವುದಿತ್ತು, ಇಬ್ಬರು ಅಕ್ಕತಂಗಿಯರು ಬೇಕರಿ ನಡೆಸುವ ಕಥೆ. ಟ್ರೈಲರ್ ನೋಡಿ ಅವಳಿಗೆ ಬಹಳ ಇಷ್ಟವಾಗಿತ್ತು. ಐವತ್ತು ಷೇರು ಕೊಂಡಳು. ಬೆಲೆ ಮೂವತ್ತೊಂದರಿಂದ ಮೂವತ್ತೆರಡಾಯಿತು. ಒಂದೊಂದೇ ಬಟ್ಟೆಯನ್ನು ಹಿಂಡಿ ಕಂಬಿಯ ಮೇಲೆ ಹರವಿ ಬಂದು ಕುಳಿತು ಮತ್ತೆ ನೋಡಿದಳು. ಅವಳ ಖರೀದಿಯ ಕೆಳಗೆ ಹೊಸದೊಂದು ಸಾಲು ಬಂದಿತ್ತು.

ಟಿಕೆಟ್ ಕಿಟಕಿ. ಮಾರಾಟ. ಇನ್ನೂರು.

ಬೆಲೆ ಮೂವತ್ತಕ್ಕೆ ಇಳಿಯಿತು, ಆಮೇಲೆ ಇಪ್ಪತ್ತೆಂಟಕ್ಕೆ. ಅವಳು ಒದ್ದೆ ಕೈಯನ್ನು ಮಡಿಲಿಗೆ ಒರೆಸಿಕೊಂಡು ಅದನ್ನೇ ನೋಡುತ್ತಾ ಕುಳಿತಳು. ತನ್ನ ಐವತ್ತನ್ನು ಮಾರಲಿಲ್ಲ.