ಪಿಸುಮಾತಿನಕ್ಕ ರಾಣಿಯಾದದ್ದು

ಇಪ್ಪತ್ತೆರಡು ವರ್ಷಗಳಿಂದ ಅವಳು ಪರದೆಯ ಮರೆಯಲ್ಲಿ ಕೂತು, ನಟರು ಮರೆತ ಮಾತುಗಳನ್ನು ಪಿಸುಗುಟ್ಟಿ ನೆನಪಿಸುತ್ತಿದ್ದಳು. ನಾಟಕ ತಂಡಕ್ಕೆಲ್ಲ ಅವಳು ಪಿಸುಮಾತಿನಕ್ಕ. ಚಪ್ಪಾಳೆ ಮಾತ್ರ ರಾಜನ ಪಾತ್ರ ಮಾಡುವ ಗಂಡನಿಗೆ. ಆ ಮಹಾರಾಯನೋ, ನಾಲ್ಕು ಮಾತಿಗೆ ಒಂದನ್ನು ನುಂಗುವವನು. ಹೆಂಡತಿ ಎತ್ತಿಕೊಟ್ಟದ್ದನ್ನೇ ಗುಡುಗಿ, ಮನೆಗೆ ಬಂದು "ನನ್ನ ಜ್ಞಾಪಕಶಕ್ತಿ ನೋಡಿದ್ಯಾ?" ಎಂದು ಮೀಸೆ ತಿರುವುವವನು.

ಆ ದಿನ ಬೆಳಿಗ್ಗೆ ರಾಣಿ ಪಾತ್ರದವಳ ಗಂಟಲು ಕಟ್ಟಿತು. ಸಂಜೆ ಆರಕ್ಕೆ ಪ್ರದರ್ಶನ.

"ಅಕ್ಕಾ, ಪೂರ್ತಿ ನಾಟಕ ಬಾಯಿಪಾಠ ಇರೋದು ನಿಮಗೊಬ್ಬರಿಗೇ. ರಾಣಿ ನೀವೇ," ಎಂದ ನಿರ್ದೇಶಕ.

"ಇವಳಾ? ಪಕ್ಕದಲ್ಲಿ ಕೂತ ನನಗೇ ಇವಳ ಮಾತು ಕೇಳಿಸಲ್ಲ, ಕೊನೇ ಸಾಲಿನವರಿಗೆ ಕೇಳಿಸುತ್ತಾ?" ಎಂದ ಗಂಡ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಈ ಅವಕಾಶ ಕೈತಪ್ಪಿದರೆ ಜೀವಮಾನವಿಡೀ ಪರದೆಯ ಹಿಂದಿನ ಸ್ಟೂಲೇ ಗತಿ. "ಮಾಡ್ತೀನಿ," ಎಂದಳು. ಅದನ್ನೂ ಪಿಸುಗುಟ್ಟಿಯೇ ಅಂದಳು.

ಮಧ್ಯಾಹ್ನ ವೇಷಭೂಷಣದ ಗಂಟಿಗೆ ಒರಗಿದವಳಿಗೆ ಜೊಂಪು ಹತ್ತಿತು. ಕನಸಲ್ಲಿ ನೋಡಿದರೆ, ಪೋಸ್ಟರುಗಳ ಸಿನಿಮಾ ಹೀರೋ ರಾಜನಾಗಿದ್ದಾನೆ! ಜಗತ್ತೇ ಮೆಚ್ಚಿದ ಗಾಯಕಿ ದಾಸಿ. ಕ್ರಿಕೆಟ್ ತಂಡದ ಕ್ಯಾಪ್ಟನ್ ಪ್ಯಾಡ್ ಕಟ್ಟಿಕೊಂಡೇ ಮಂತ್ರಿಯಾಗಿ ನಿಂತಿದ್ದಾನೆ. ಒಬ್ಬರಿಗೂ ಒಂದಕ್ಷರ ನೆನಪಿಲ್ಲ. ಇವಳು ಬಿಡುತ್ತಾಳೆಯೇ? ಹೀರೋಗೆ ಅವನ ಮಾತು, ಗಾಯಕಿಗೆ ಅವಳ ಹಾಡು, ಕ್ಯಾಪ್ಟನ್ನಿಗೆ ಅವನ ಸಲಾಮು, ಕೊನೆಗೆ ಪ್ರೇಕ್ಷಕರಿಗೂ "ಈಗ ಚಪ್ಪಾಳೆ" ಎಂದು ಎತ್ತಿಕೊಟ್ಟಳು. ತನ್ನ ಸರದಿ ಬಂದಾಗ ಗಂಟಲಿಂದ ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ. ಹೀರೋ ಬಗ್ಗಿ ಅವಳ ಬಾಯಿಗೆ ಕಿವಿಯಿಟ್ಟ. ಗಾಯಕಿ "ಶ್ರುತಿ ಎಲ್ಲಮ್ಮಾ?" ಎಂದು ಗದರಿದಳು. ಕ್ಯಾಪ್ಟನ್ ಬೆರಳೆತ್ತಿ ಔಟ್ ಅಂದುಬಿಟ್ಟ!

ಬೆವೆತು ಎದ್ದಳು. ತಪ್ಪಿಸಿಕೊಳ್ಳಲು ವೇಳೆಯಿರಲಿಲ್ಲ, ಕಿರೀಟ ತಲೆಗೇರಿತು.

ಮೊದಲ ದೃಶ್ಯದಲ್ಲಿ ಕನಸೇ ನನಸಾಯಿತು. "ಜೋರಾಗಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅವಮಾನದಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕದಲ್ಲಿ ಗಂಡ ಮೀಸೆಯಡಿಯಲ್ಲೇ ನಗುತ್ತಿದ್ದ.

ಕೊನೆಯ ದೃಶ್ಯದಲ್ಲಿ ರಾಜ ಖಡ್ಗ ಎತ್ತಿದ, ಬಾಯಿ ತೆರೆದ, ಮಾತು ಹೊರಡಲಿಲ್ಲ. ಅಭ್ಯಾಸದಂತೆ ಪರದೆಯತ್ತ ಕಿವಿಗೊಟ್ಟ. ಅಲ್ಲಿ ಪುಸ್ತಕ ಹಿಡಿದಿದ್ದ ನಿರ್ದೇಶಕ ಎರಡು ಹಾಳೆ ಒಟ್ಟಿಗೆ ಮಗುಚಿ ತಡಕಾಡುತ್ತಿದ್ದ. ರಾಜ ರಾಣಿಯತ್ತ ತಿರುಗಿ ಕಣ್ಣಲ್ಲೇ ಅಂಗಲಾಚಿದ.

ಅವನ ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು. ಎತ್ತಿಕೊಟ್ಟಿದ್ದು ಸಾಕು ಅನ್ನಿಸಿತು. ಎರಡು ಹೆಜ್ಜೆ ಮುಂದೆ ಬಂದು, ಎದೆ ತುಂಬ ಉಸಿರೆಳೆದು, "ಈ ಸಿಂಹಾಸನ ನನ್ನದು! ಅಡ್ಡ ಬಂದವರ ತಲೆ ಉಳಿಯದು!" ಎಂದು ಗುಡುಗಿದಳು. ಹೇಳಿದ್ದಷ್ಟೇ ಅಲ್ಲ, ಹೋಗಿ ಕೂತೇಬಿಟ್ಟಳು. ಕೊನೇ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ರಾಜ ಖಡ್ಗ ಇಳಿಸಿ, ಮೆಲ್ಲಗೆ ಹತ್ತಿರ ಬಂದು ಪಿಸುಗುಟ್ಟಿದ: "ಲೇ, ನಾನೆಲ್ಲಿ ಕೂತ್ಕೊಳ್ಳಲಿ?"

"ಕೇಳಿಸ್ತಿಲ್ಲ," ಎಂದಳು ರಾಣಿ, ಇಡೀ ರಂಗಮಂದಿರಕ್ಕೆ ಕೇಳುವ ಹಾಗೆ, "ಜೋರಾಗಿ ಹೇಳಿ!"