ಹೊಲಿಗೆ ಮಿಷಿನ್ನಿಗೆ ಬರೆದ ಸ್ವರ

ನನ್ನ ತಂಗಿಯ ಗಂಡನಿಗೆ ಮನೆಯವರೆಲ್ಲ ಇಟ್ಟ ಹೆಸರು ಗದ್ದಲ. ಪಿಟೀಲಿನ ಜೊತೆ ಕೊಳಾಯಿ, ಕುಕ್ಕರು, ಬಾಗಿಲು ಎಲ್ಲವನ್ನೂ ಸೇರಿಸಿ ಸಂಗೀತ ಕಟ್ಟುವವನು ಅವನು. ಈ ಸಲದ ಆಲ್ಬಮ್ಮಿನ ಕೊನೆಯ ತುಣುಕಿಗೆ ನನ್ನ ಹೊಲಿಗೆ ಅಂಗಡಿಯೇ ಬೇಕೆಂದ. ಅಲ್ಲಿನ ಹಳೆಯ ಕಾಲುಮಿಷಿನ್ನು ಕೀ ಕೀ ಎಂದು ಅರಚುತ್ತದಲ್ಲ, ಅದಕ್ಕೆಂದೇ ವರ್ಷವಿಡೀ ಕೂತು ಸ್ವರ ಬರೆದಿದ್ದ. ರೆಕಾರ್ಡಿಂಗಿಗೆ ಪಿಟೀಲಿನವರು ಸಿಗುವುದು ಒಂದೇ ಒಂದು ಮಧ್ಯಾಹ್ನ. ಸಂಜೆಗೆ ಅವರು ಬೇರೆ ಊರಿಗೆ ಹೊರಡಬೇಕು.

ಅಂಗಡಿಯಲ್ಲಿ ಮೈಕು ಇಟ್ಟು, ಪಿಟೀಲಿನವರು ಕೂತು ಎಲ್ಲ ಸಿದ್ಧವಾದ ಮೇಲೆ ಗದ್ದಲ ಕೈಸನ್ನೆ ಮಾಡಿದ. ನಾನು ತುಳಿದೆ. ಮಿಷಿನ್ನು ಬೆಣ್ಣೆಯ ಹಾಗೆ ಓಡಿತು. ಅರಚಾಟವೇ ಇಲ್ಲ.

"ಅಕ್ಕಾ, ಏನಾಯ್ತು ಇದಕ್ಕೆ?" ಅವನ ಮುಖ ಬಿಳಿಚಿತು.

ನನ್ನ ಅತ್ತೆಗೆ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ. ಮೂಲೆಯಿಂದ ಹೆಮ್ಮೆಯಿಂದ ಹೇಳಿದರು: "ನಾನೇ ಎಣ್ಣೆ ಬಿಟ್ಟೆ. ದೊಡ್ಡ ದೊಡ್ಡ ವಿದ್ವಾಂಸರು ಬರೋವಾಗ ಇದು ಹಾಗೆ ಅರಚಿಕೊಂಡ್ರೆ ನಮ್ಮ ಮಾನ ಏನಾಗ್ಬೇಕು?"

"ಅತ್ತೇ, ಆ ಅರಚಾಟಕ್ಕೇ ಅವರು ಬಂದಿರೋದು!" ಎಂದೆ ನಾನು.

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

ಗದ್ದಲ ಬಟ್ಟೆ ಗಂಟಿನ ಮೇಲೆ ಕುಸಿದು ತಲೆ ಹಿಡಿದುಕೊಂಡ. ನಾನು ಎದ್ದೆ. ಸೀಮೆಎಣ್ಣೆಯಲ್ಲಿ ಚಿಂದಿ ಅದ್ದಿ ಮಿಷಿನ್ನಿನ ಸಂದುಸಂದನ್ನೂ ಒರೆಸಿ ಅತ್ತೆ ಬಿಟ್ಟ ಎಣ್ಣೆಯನ್ನೆಲ್ಲ ತೆಗೆದೆ. ಒಣ ಮಿಷಿನ್ನು ಸವೆಯುತ್ತದೆಂದು ಗೊತ್ತಿತ್ತು. ಆದರೆ ಮಿಷಿನ್ನಿನ ಬಿಡಿಭಾಗ ಪೇಟೆಯಲ್ಲಿ ಸಿಗುತ್ತದೆ, ತಂಗಿಯ ಗಂಡ ಸಿಗುತ್ತಾನೆಯೇ?

ಈಗ ತುಳಿದರೆ, ಅಬ್ಬಾ, ಮೊದಲಿಗಿಂತ ಜೋರು! ಪಿಟೀಲುಗಳೂ ಜೊತೆಗೂಡಿ ಏರಿದವು. ಗದ್ದಲ ನಿಂತಲ್ಲೇ ಕುಣಿಯತೊಡಗಿದ.

ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ. ಅದು ಅವರು ಹರೆಯದಲ್ಲಿ ತುಳಿದ ಮಿಷಿನ್ನು. ಬೆಕ್ಕಿನ ಹೆಜ್ಜೆಯಲ್ಲಿ ಬಂದು, ನಾನು ತುಳಿಯುತ್ತಿರುವಾಗಲೇ ಎಣ್ಣೆ ಬಿಟ್ಟೇ ಬಿಟ್ಟರು. ಮೈಕಿನ ಮುಂದೆ ನಾನು ಬೈಯುವಂತೆಯೂ ಇಲ್ಲ, ಕಣ್ಣಲ್ಲೇ ಗದರಿದೆ. ಅವರು ನನ್ನತ್ತ ನೋಡಿದರೆ ತಾನೆ!

ಅರಚಾಟ ನರಳಾಟವಾಯಿತು, ನರಳಾಟ ಗೊಣಗಾಟವಾಯಿತು, ಆಮೇಲೆ ನಿದ್ದೆಗೆ ಜಾರುವ ಮಗುವಿನ ಹಾಗೆ ಸಣ್ಣಗಾಗುತ್ತ ಬಂತು. ಪಿಟೀಲಿನವರು ಗಾಬರಿಯಾಗಿ ಗದ್ದಲನನ್ನು ನೋಡಿದರು. ಅವನು ಕಣ್ಣರಳಿಸಿಕೊಂಡು ಕೈಯನ್ನು ಮೆಲ್ಲಗೆ ಇಳಿಸುತ್ತ ಹೋದ. ಅವರೂ ಮಿಷಿನ್ನಿನ ಹಿಂದೆಯೇ ಇಳಿದರು. ಕೊನೆಗೆ ಉಳಿದದ್ದು ಸೂಜಿಯ ಟಕಟಕ ಮಾತ್ರ.

ಮೈಕು ಆರಿಸಿದ್ದೇ ತಡ, ಗದ್ದಲ ಓಡಿಬಂದು ಅತ್ತೆಯನ್ನು ತಬ್ಬಿಕೊಂಡ. "ನಾನು ಬರೆದ ಕೊನೆಗಿಂತ ಇದೇ ಚೆನ್ನಾಗಿದೆ ಅತ್ತೆ!"

"ಬಿಡೋ, ಬಟ್ಟೆಗೆಲ್ಲ ಎಣ್ಣೆ ಆಗುತ್ತೆ."

ಆಲ್ಬಮ್ಮಿನ ಹೊದಿಕೆಯಲ್ಲಿ ಪಿಟೀಲಿನವರ ಹೆಸರುಗಳ ಕೆಳಗೆ "ಎಣ್ಣೆ: ಗುಂಡಿ ಅತ್ತೆ" ಎಂದು ಅಚ್ಚಾಗಿದೆ. ಅತ್ತೆ ಆ ತುಣುಕನ್ನು ಪೂರ್ತಿ ಕೇಳಿ ನಿಟ್ಟುಸಿರು ಬಿಟ್ಟರು.

"ಎಲ್ಲಾ ಸರಿ. ಎಣ್ಣೆ ಬಿಡೋಕೆ ನಾನು ಅಷ್ಟೊತ್ತು ಯಾಕೆ ಕಾದೆ?"